ದಾರಿ ಬಿಟ್ಟ ಗಾಡಿ

ತಪ್ಪು ಯಾರದ್ದು ಎಂದು ಬರೆಯುವುದೇ ಲೋಕನಾಥನ ಹೊಟ್ಟೆಪಾಡು. ಕುವೈತಿನ ಫಹಾಹೀಲ್‌ನ ಒಂದು ಗುತ್ತಿಗೆ ಕಂಪನಿಯಲ್ಲಿ ಹದಿನೇಳು ವರ್ಷದಿಂದ ಅವನು ಸೇಫ್ಟಿ ಆಫೀಸರ್. ಏಣಿ ಜಾರಿದರೆ, ಕ್ರೇನಿನ ಕೊಂಡಿ ಕಳಚಿದರೆ, ಬಿಸಿಲಿಗೆ ಯಾರಾದರೂ ತಲೆ ತಿರುಗಿ ಬಿದ್ದರೆ ಹೆಲ್ಮೆಟ್ ಸರಿಪಡಿಸಿಕೊಂಡು ಲೋಕನಾಥ ಹಾಜರು. ಏನಾಯಿತು, ಎಷ್ಟು ಗಂಟೆಗೆ, ಯಾರು ಕಂಡರು, ಮೂಲ ಕಾರಣವೇನು ಎಂದು ಕಾಲಂ ಕಾಲಂ ತುಂಬಿ, ಕೆಳಗೆ ಸಾಕ್ಷಿಗಳ ಸಹಿ ಹಾಕಿಸಿ ಕಳಿಸಿದನೆಂದರೆ ಮೇಲಿನವರು ಒಂದಕ್ಷರ ತಿದ್ದುತ್ತಿರಲಿಲ್ಲ. ಲೋಕನಾಥ್ ಬರೆದರೆ ಖಲಾಸ್ ಎಂದು ಸೈಟಿನಲ್ಲಿ ಮಾತೇ ಇತ್ತು. ಅವನು ಅದನ್ನು ಕೇಳಿಯೂ ಕೇಳಿಸದವನ ಹಾಗೆ ಇದ್ದು ಒಳಗೊಳಗೇ ಉಬ್ಬುತ್ತಿದ್ದ.

ಅದೇ ಕೈ ಈ ಜುಲೈ ಮೊದಲ ವಾರ ಕೀನ್ಯಾದ ಒಂದು ರಾಷ್ಟ್ರೀಯ ಉದ್ಯಾನದ ಗೇಟಿನ ಪಕ್ಕ, ತಗಡಿನ ಮಾಡಿನ ಆಫೀಸಿನಲ್ಲಿ, ಒಂದೂವರೆ ಪುಟದ ಹೇಳಿಕೆ ಬರೆದು ಕೊಟ್ಟು ಬಂದಿತ್ತು. ಅದರಲ್ಲಿ ಸುಳ್ಳು ಒಂದೇ ಒಂದು. ಉಳಿದದ್ದೆಲ್ಲ ಗಂಟೆ ನಿಮಿಷದ ಸಮೇತ ನಿಜವಾಗಿದ್ದರಿಂದ ಆ ಒಂದು ಸುಳ್ಳು ಗಟ್ಟಿಯಾಗಿ ನಿಂತಿತು.

ಕುವೈತಿಗೆ ಮರಳಿ ಹನ್ನೆರಡು ದಿನವಾದ ಮೇಲೆ ಒಂದು ಭಾನುವಾರ, ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಫೋನಿಗೆ ಸಂದೇಶ ಬಂತು. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಲೋಕನಾಥ ಸೀಟಿ ಊದಿ ಹುಡುಗರನ್ನೆಲ್ಲ ನೆರಳಿಗೆ ಕರೆಯುತ್ತಿದ್ದ. ಸೀಟಿ ಬಾಯಲ್ಲೇ ಇಟ್ಟುಕೊಂಡು ಓದಿದ. ಬರೆದವನು ಕ್ಯಾಲ್ವಿನ್, ಉದ್ಯಾನದಲ್ಲಿ ನಾಲ್ಕು ದಿನ ಅವರ ಗಾಡಿ ಓಡಿಸಿದ ಡ್ರೈವರ್ ಮತ್ತು ಗೈಡ್. ಸರ್, ಮೇಡಂ, ಅಪೇಕ್ಷಾ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಗೈಡ್ ಬ್ಯಾಡ್ಜ್ ತೆಗೆದಿಟ್ಟುಕೊಂಡಿದ್ದಾರೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಸಮಿತಿ ಕೂತು, ಅದನ್ನು ವಾಪಸ್ ಕೊಡುವುದೋ ಪೂರ್ತಿ ರದ್ದು ಮಾಡುವುದೋ ತೀರ್ಮಾನಿಸುತ್ತದೆ. ನನ್ನ ಬಗ್ಗೆ ಎರಡು ಒಳ್ಳೆಯ ಮಾತು ಬರೆದು ಕಳಿಸಿದರೆ ಉಪಕಾರವಾಗುತ್ತದೆ. ನಿಮಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ.

ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ ಎಂಬ ಮಾತು ಓದಿದಾಗ ಲೋಕನಾಥನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹೊರಗಿನ ಬಿಸಿಲು ನಲವತ್ತೊಂಬತ್ತು ಡಿಗ್ರಿ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆ ಪ್ರವಾಸದ ಹಟ ಅವನದ್ದೇ. ಪ್ರತಿ ವರ್ಷ ಮಗಳ ಶಾಲೆಯ ರಜೆಗೆ ಊರಿಗೆ ಹೋಗುವುದು ರೂಢಿ. ಆದರೆ ಅವರಿದ್ದ ಅಬ್ಬಾಸಿಯಾ ಬಡಾವಣೆಯ ಪರಿಚಯದವರೆಲ್ಲ ಈಚೆಗೆ ಬಾಕು, ತಿಬಿಲಿಸಿ ಎಂದು ಹೋಗಿ ಹಿಮದಲ್ಲಿ ಕೈ ಅಗಲಿಸಿ ನಿಂತ ಫೋಟೋ ಹಾಕುತ್ತಿದ್ದರು. ಅದನ್ನು ಕಂಡು ಕಂಡು ಲೋಕನಾಥನಿಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿ ಹತ್ತಿತ್ತು. ಯಾರ ಬಳಿಯೂ ಇಲ್ಲದ ಫೋಟೋ ತನ್ನ ಬಳಿ ಇರಬೇಕು, ಓಡುವ ಚೀತಾದ್ದೇ ಇರಬೇಕು ಎಂದು ಮೊಳ ಉದ್ದದ ಲೆನ್ಸು ಕೊಂಡ. ಹೆಂಡತಿ ಚಂಪಾ ಬೇಡ ಎನ್ನಲಿಲ್ಲ. ಅವರದೇ ಕಟ್ಟಡದ ಮೂರನೆಯ ಮಹಡಿಯ ಪರಪ್ಪ, ಬಾಗಲಕೋಟೆ ಕಡೆಯವರು, ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್, ತಾವೂ ಬರುತ್ತೇವೆ ಎಂದರು. ಅವರ ಹೆಂಡತಿ ಅನ್ನಪೂರ್ಣೆವ್ವ ಒಂದು ಚೀಲ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರು. ಮಗಳು ಅಪೇಕ್ಷಾ ಸೇರಿ ಒಟ್ಟು ಐದು ಜನ.

ಮೊದಲ ಎರಡು ದಿನ ಎಲ್ಲರೂ ಮಾತು ಮರೆತಿದ್ದರು. ಕಣ್ಣಿಗೆ ಎಟಕುವವರೆಗೂ ಹುಲ್ಲು, ಅದರ ಮೇಲೆ ಮೋಡದ ನೆರಳು ನಿಧಾನಕ್ಕೆ ಸರಿಯುವುದು, ಎಲ್ಲೋ ಒಂದೊಂದು ಕಡೆ ಕೊಡೆ ಬಿಚ್ಚಿದ ಹಾಗೆ ಹರಡಿದ ಜಾಲಿ ಮರ. ಊರಿನ ರಜೆ ಬಿಟ್ಟರೆ ಮರಳಿನ ಬಣ್ಣವನ್ನೇ ನೋಡಿ ಬೆಳೆದ ಹದಿನಾಲ್ಕರ ಅಪೇಕ್ಷಾ ಕ್ಯಾಲ್ವಿನ್‌ನ ಪಕ್ಕದ ಸೀಟು ಹಿಡಿದು ಬಿಡಲೇ ಇಲ್ಲ. ಗಡ್ಡದ ವಿಲ್ಡೆಬೀಸ್ಟ್‌ಗಳು ಒಂದರ ಹಿಂದೆ ಒಂದು ಗೆರೆ ಎಳೆದ ಹಾಗೆ ಗುಡ್ಡ ಇಳಿದು ನದಿಯ ಕಡೆ ಹೋಗುತ್ತಿದ್ದವು. ನಡುನಡುವೆ ಜೀಬ್ರಾಗಳು. ನದಿಯಲ್ಲಿ ನೀರಾನೆಗಳು ಮೂಗು ಮಾತ್ರ ಮೇಲಿಟ್ಟು ಸೀನುತ್ತಿದ್ದವು. ಕ್ಯಾಲ್ವಿನ್ ಪ್ರಾಣಿ ಕಂಡ ಕೂಡಲೇ ಎಂಜಿನ್ ಆರಿಸಿ, ಮೊದಲು ಕೇಳಿಸಿಕೊಳ್ಳಿ, ಆಮೇಲೆ ನೋಡಿ ಎನ್ನುತ್ತಿದ್ದ. ಆನೆ ಹುಲ್ಲು ಕಿತ್ತು ಮುಂಗಾಲಿಗೆ ಬಡಿದು ಮಣ್ಣು ಉದುರಿಸುವ ಶಬ್ದ ಕೇಳಿ ಅನ್ನಪೂರ್ಣೆವ್ವ, ನಮ್ಮ ಹಾಂಗ ಸ್ವಚ್ಛ ಮಾಡ್ಕೊಂಡ ತಿಂತೈತಿ ನೋಡ್ರಿ ಎಂದು ಮೆಚ್ಚಿಕೊಂಡರು.

ಮೂರನೆಯ ದಿನ ಬೆಳಿಗ್ಗೆ ಚೀತಾ ಸಿಕ್ಕಿತು. ದಾರಿಯಿಂದ ಇನ್ನೂರು ಮೀಟರ್ ದೂರದಲ್ಲಿ ಒಂದು ಹುತ್ತದ ಮೇಲೆ ತಾಯಿ ಕೂತಿತ್ತು. ಕೆಳಗೆ ಹುಲ್ಲಿನಲ್ಲಿ ಮರಿಗಳ ಕಿವಿ ಕಾಣುತ್ತಿತ್ತು. ಅಪೇಕ್ಷಾ ಎಣಿಸಿ ಮೂರು ಎಂದಳು. ಕ್ಯಾಲ್ವಿನ್ ಪಿಸುದನಿಯಲ್ಲಿ ವಿವರಿಸಿದ. ಮರಿಗಳ ಹೊಟ್ಟೆ ಅಂಟಿದೆ, ಎರಡು ಮೂರು ದಿನದಿಂದ ಬೇಟೆ ಸಿಕ್ಕಿಲ್ಲ. ಆಚೆ ಗೆಜೆಲ್ ಜಿಂಕೆಗಳಿವೆ, ತಾಯಿ ಅವುಗಳನ್ನೇ ನೋಡುತ್ತಿದೆ. ನಾವು ಸುಮ್ಮನಿದ್ದರೆ ತಾನಾಗಿ ಈ ಕಡೆಗೇ ಬರುತ್ತದೆ. ಹಿಂದೆ ಇನ್ನೂ ಎರಡು ಗಾಡಿ ಬಂದು ದಾರಿಯಲ್ಲೇ ನಿಂತವು.

ಲೋಕನಾಥ ಲೆನ್ಸಿನಲ್ಲಿ ನೋಡಿದ. ಬಿಸಿಲಿನ ಝಳಕ್ಕೆ ಚೀತಾ ಕಲಸಿದ ಹಾಗೆ ಕಂಡಿತು. ಹತ್ತಿರ ಹೋಗು ಎಂದ. ಗಾಡಿ ದಾರಿ ಬಿಟ್ಟು ಇಳಿಯುವ ಹಾಗಿಲ್ಲ ಸರ್, ನಿಯಮ ಎಂದ ಕ್ಯಾಲ್ವಿನ್. ಲೋಕನಾಥ ಮತ್ತೊಮ್ಮೆ ಹೇಳಿದ. ಕ್ಯಾಲ್ವಿನ್ ನಕ್ಕು ಇಲ್ಲವೆಂದು ತಲೆಯಾಡಿಸಿದ. ಆಗ ಲೋಕನಾಥನ ಬಾಯಿಂದ ಸೈಟಿನ ಭಾಷೆ ಬಂತು.

"ನಾನು ಹೇಳ್ತಾ ಇದ್ದೇನೆ, ಹೋಗು. ಜವಾಬ್ದಾರಿ ನನ್ನದು. ನಿನ್ನ ಬಗ್ಗೆ ನಿನ್ನ ಕಂಪನಿಗೆ ನಾನೇ ಬರೆಯುತ್ತೇನೆ."

ಒಳ್ಳೆಯದು ಬರೆಯುತ್ತೇನೆ ಎಂದೋ, ಹೋಗದಿದ್ದರೆ ನೋಡಿಕೊಳ್ಳುತ್ತೇನೆ ಎಂದೋ, ಅದನ್ನು ಅವನು ಬಿಡಿಸಿ ಹೇಳಲಿಲ್ಲ. ಬಿಡಿಸಿ ಹೇಳದೆ ಇರುವುದೇ ಮೇಲಿನವರ ಮಾತಿನ ಕ್ರಮ, ಅವನು ಅದನ್ನು ವರ್ಷಗಟ್ಟಲೆ ಕೇಳಿ ಕಲಿತವನು. ಕ್ಯಾಲ್ವಿನ್ ಕನ್ನಡಿಯಲ್ಲಿ ಒಮ್ಮೆ ಅವನ ಮುಖ ನೋಡಿ ಸ್ಟೀರಿಂಗ್ ತಿರುಗಿಸಿದ.

ಗಾಡಿ ಹುಲ್ಲಿಗೆ ಇಳಿದದ್ದೇ ತಡ, ಜಿಂಕೆಗಳು ಚೆಲ್ಲಾಪಿಲ್ಲಿಯಾದವು. ತಾಯಿ ಹುತ್ತದಿಂದ ಜಿಗಿದು ಒಂದು ದಿಕ್ಕಿಗೆ, ಮರಿಗಳು ಬೆದರಿ ಮತ್ತೊಂದು ದಿಕ್ಕಿಗೆ. ಅಲ್ಲೇ ತಗ್ಗಿನಲ್ಲಿ ಮಲಗಿದ್ದ ಒಂದು ಕತ್ತೆಕಿರುಬ ಎದ್ದು ನಿಂತು ಮೂಗು ಎತ್ತಿತು. ಆಮೇಲೆ ಅಪೇಕ್ಷಾ ಎಷ್ಟು ಎಣಿಸಿದರೂ ಮರಿ ಎರಡೇ. ಲೋಕನಾಥನಿಗೆ ಸಿಕ್ಕಿದ್ದು ಹದಿನಾಲ್ಕು ಫೋಟೋ, ಎಲ್ಲದರಲ್ಲೂ ಚೀತಾದ ಹಿಂಭಾಗ. ಅಷ್ಟರಲ್ಲಿ ಅರಣ್ಯ ರಕ್ಷಕರ ಹಸಿರು ಜೀಪು ಧೂಳೆಬ್ಬಿಸಿಕೊಂಡು ಬಂತು.

ಆಫೀಸಿನಲ್ಲಿ ಒಬ್ಬ ಮಹಿಳಾ ಅಧಿಕಾರಿ ಬಿಳಿ ಹಾಳೆ ಕೊಟ್ಟು, ಏನಾಯಿತೆಂದು ಬರೆಯಿರಿ ಎಂದು ಹೇಳಿ ಹೊರಗೆ ಹೋದಳು. ಅವಳು ಗದರಲಿಲ್ಲ, ಹೆದರಿಸಲಿಲ್ಲ. ಆದರೆ ಪರಪ್ಪನವರ ಮುಖ ಬಿಳಿಚಿಕೊಂಡಿತ್ತು.

"ಪೊಲೀಸ್ ಕೇಸ್ ಆತಂದ್ರ ಮುಗೀತ್ರೀ ಸರ. ಹೆಸರು ಕಂಪ್ಯೂಟರ್‌ನ್ಯಾಗ ಬರ್ತೈತಿ. ಕುವೈತ್ ಏರ್‌ಪೋರ್ಟ್‌ನ್ಯಾಗ ಬೆರಳು ಇಟ್ಟ ಕೂಡ್ಲೇ ಹಿಡೀತಾರ. ಇಕಾಮಾ ಖಲಾಸ್."

ನಾಲ್ವರಿಗೂ ಅದೇ ಭಯ. ಇಕಾಮಾ, ಅಂದರೆ ಕುವೈತಿನ ವಾಸದ ಪರವಾನಗಿ, ಹೋದರೆ ಮನೆ ಹೋಯಿತು, ಕೆಲಸ ಹೋಯಿತು, ಮಗಳ ಶಾಲೆ ಹೋಯಿತು. ಅತಿಥಿಗಳಿಗೆ ಇದಕ್ಕೆ ಏನು ಶಿಕ್ಷೆ ಎಂದು ಆ ಅಧಿಕಾರಿಯನ್ನು ಕೇಳಬಹುದಿತ್ತು. ಒಬ್ಬರೂ ಕೇಳಲಿಲ್ಲ. ಬೇರೆಯವರ ದೇಶದಲ್ಲಿ ವರ್ಷಗಟ್ಟಲೆ ದುಡಿದವರಿಗೆ ಸಮವಸ್ತ್ರ ಕಂಡರೆ ಪ್ರಶ್ನೆ ಕೇಳುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಲೋಕನಾಥ ಪೆನ್ನು ತೆಗೆದು ಸರಾಗ ಬರೆದ. ಚಾಲಕನು ಅತಿಥಿಗಳ ಯಾವ ಸೂಚನೆಯೂ ಇಲ್ಲದೆ, ಸ್ವಂತ ತೀರ್ಮಾನದಿಂದ ದಾರಿ ಬಿಟ್ಟು ವಾಹನ ಚಲಾಯಿಸಿದನು. ಕೆಳಗೆ ನಾಲ್ಕು ಸಹಿ ಬಿತ್ತು. ಅಪೇಕ್ಷಾ ಚಿಕ್ಕವಳೆಂದು ಅವಳ ಸಹಿ ಬೇಕಾಗಲಿಲ್ಲ. ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಕ್ಯಾಲ್ವಿನ್ ತನ್ನ ಹಕ್ಕಿಗಳ ಪುಸ್ತಕ ತೆರೆದು ಅವಳಿಗೆ ಚಿತ್ರ ತೋರಿಸುತ್ತಿದ್ದ.

ಈಗ ಆ ಕ್ಯಾಲ್ವಿನ್ ಎರಡು ಒಳ್ಳೆಯ ಮಾತು ಕೇಳಿದ್ದಾನೆ. ಭಾನುವಾರ ಲೋಕನಾಥ ಉತ್ತರಿಸಲಿಲ್ಲ. ಸೋಮವಾರ ಮೂರು ಸಲ ಬರೆಯಲು ಕೂತು ಮೂರು ಸಲ ಎದ್ದ. ಊಟಕ್ಕೆ ಕೂತರೆ ಕನ್ನಡಿಯಲ್ಲಿ ತನ್ನನ್ನು ನೋಡಿದ ಆ ಕಣ್ಣುಗಳೇ ನೆನಪಾಗುತ್ತಿದ್ದವು. ಸಂಜೆ ಪರಪ್ಪನವರಲ್ಲಿ ವಿಷಯ ತೆಗೆದಾಗ ಅವರು, ಒಳ್ಳೇ ಹುಡುಗ ಅಂತ ಬರದ ಕಳಸ್ರಿ, ಆದ್ರ ಹಳೇದ್ದಕ್ಕ ಕೈ ಹಾಕಬ್ಯಾಡ್ರಿ, ನಮ್ಮ ಸಹಿ ಅದಾವ ಅದರಾಗ ಎಂದು ಬಾಗಿಲ ಕಡೆ ನೋಡುತ್ತಾ ಹೇಳಿದರು. ಲೋಕನಾಥನಿಗೂ ಬೇಕಾದದ್ದು ಅಂಥದೇ ಒಂದು ದಾರಿ.

ಮಂಗಳವಾರ ಪ್ರಶಂಸಾ ಪತ್ರ ತಯಾರಾಯಿತು. ಕಂಪನಿಯಲ್ಲಿ ಯಾರಿಗಾದರೂ ಅನ್ಯಾಯವಾದಾಗ ನ್ಯಾಯದ ಬದಲು ಕೊಡುವ ಕಾಗದದ ನಮೂನೆ ಅವನಿಗೆ ಬಾಯಿಪಾಠ. ಕ್ಯಾಲ್ವಿನ್ ಸಮಯಕ್ಕೆ ಸರಿಯಾಗಿ ಬರುವವನು, ಮೃದುಭಾಷಿ, ಪ್ರಾಣಿಪಕ್ಷಿಗಳ ಅಪಾರ ಜ್ಞಾನ ಉಳ್ಳವನು. ಒಂದು ಕ್ಷಣದ ತಪ್ಪು ನಿರ್ಧಾರವನ್ನು ಹೊರತುಪಡಿಸಿದರೆ ಅವನ ಸೇವೆ ಅತ್ಯುತ್ತಮ. ಕಳಿಸಿದ ಐದು ನಿಮಿಷಕ್ಕೇ ಉತ್ತರ ಬಂತು. ದೇವರು ಒಳ್ಳೆಯದು ಮಾಡಲಿ ಸರ್, ನನ್ನ ತಾಯಿಗೆ ಓದಿ ಹೇಳಿದೆ. ಲೋಕನಾಥ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದ. ಮೈಯೆಲ್ಲ ಹೇಸಿಗೆ ಮೆತ್ತಿದ ಹಾಗಾಗಿತ್ತು.

ಬುಧವಾರ ಕೆಲಸ ಮುಗಿಸಿ ಬಂದಾಗ ಅಪೇಕ್ಷಾ ಅವನ ಲ್ಯಾಪ್‌ಟಾಪಿನ ಎದುರು ಕೂತಿದ್ದಳು. ಪತ್ರ ತೆರೆದೇ ಇತ್ತು. ಕೀನ್ಯಾದಿಂದ ಬಂದ ಮೇಲೆ ಅವಳು ಆ ಬೆಳಗಿನ ಮಾತು ಎತ್ತಿರಲಿಲ್ಲ. ಎತ್ತದೆ ಇರುವುದನ್ನು ಕಂಡು, ಮಕ್ಕಳು ಬೇಗ ಮರೆಯುತ್ತಾರೆ ಎಂದು ಲೋಕನಾಥ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

"ನೈಸ್ ಲೆಟರ್, ಪಪ್ಪಾ," ಎಂದಳು ಅವಳು. "ಬಟ್ ಅವನು ತಾನಾಗಿ ಹೋಗ್ಲಿಲ್ಲ. ಯು ಟೋಲ್ಡ್ ಹಿಮ್. ಐ ವಾಸ್ ಸಿಟ್ಟಿಂಗ್ ನೆಕ್ಸ್ಟ್ ಟು ಹಿಮ್."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪನ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ, ಸೇರಿಸಿಕೊಳ್ಳಲಿ ಎಂದು ಕಾಯುವವಳ ಹಾಗೆ ಕೂತಿದ್ದಳು. ಲೋಕನಾಥನಿಗೆ ಮಗಳ ಮುಖ ನೋಡಲಾಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಚಂಪಾ ನಿಂತಿದ್ದಳು, ಅವಳೂ ಕೇಳಿಸಿಕೊಂಡಿದ್ದಳು. ಫೋನ್ ಹಿಡಿದು ಬಾಲ್ಕನಿಗೆ ಹೋಗಿ ಅವನು ಕ್ಯಾಲ್ವಿನ್‌ಗೆ ಕರೆ ಮಾಡಿದ. ಹೇಗೆ ಹೇಳಬೇಕೆಂದು ನಾಲ್ಕು ವಾಕ್ಯ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ.

"ಕ್ಯಾಲ್ವಿನ್, ಅವತ್ತು ಆಫೀಸಿನಲ್ಲಿ ನಾನು ಒಂದು ಹೇಳಿಕೆ ಬರೆದುಕೊಟ್ಟೆ. ಅದರಲ್ಲಿ ನಾನು..."

"ಗೊತ್ತು ಸರ್," ಎಂದ ಕ್ಯಾಲ್ವಿನ್. "ಅವತ್ತು ಸಂಜೆಯೇ ನನಗೆ ಓದಿ ಹೇಳಿದರು."

ಲೋಕನಾಥ ಬಾಲ್ಕನಿಯ ಕಂಬಿ ಹಿಡಿದುಕೊಂಡ. ಅವತ್ತು ಸಂಜೆ. ಅಂದರೆ ಮರುದಿನ ಎಲ್ಲರ ಪೆಟ್ಟಿಗೆ ಎತ್ತಿ ಗಾಡಿಗಿಟ್ಟವನು, ಆರು ಗಂಟೆ ಓಡಿಸಿ ಏರ್‌ಪೋರ್ಟಿಗೆ ತಲುಪಿಸಿದವನು, ದಾರಿಯಲ್ಲಿ ಅನ್ನಪೂರ್ಣೆವ್ವ ಕೊಟ್ಟ ರೊಟ್ಟಿ ತಿಂದು ಖಾರಕ್ಕೆ ಕಣ್ಣೀರು ಸುರಿಸಿ ನಕ್ಕವನು, ಎಲ್ಲ ಗೊತ್ತಿದ್ದೇ ನಕ್ಕಿದ್ದ.

"ಮತ್ತೆ ನೀನು ನಿಜ ಹೇಳಲಿಲ್ಲವಾ?"

"ನಾಲ್ಕು ಸಹಿ ಇತ್ತು ಸರ್. ಅತಿಥಿಗಳು ಸುಳ್ಳು ಹೇಳಿದ್ದಾರೆ ಎನ್ನುವ ಡ್ರೈವರಿಗೆ ಯಾವ ಕಂಪನಿ ಗಾಡಿ ಕೊಡುತ್ತದೆ? ಹೌದು, ನಾನೇ ಹೋದೆ ಎಂದು ಒಪ್ಪಿಕೊಂಡೆ."

"ನನ್ನ ಹತ್ತಿರ ಆದರೂ ನಿಜ ಬರೆಯಿರಿ ಎಂದು ಕೇಳಬಹುದಿತ್ತು."

"ಒಳ್ಳೆಯ ಮಾತು ಕೇಳಬಹುದು ಸರ್. ನಿಜವನ್ನು ಹೇಗೆ ಕೇಳುವುದು?"

ಹದಿನೇಳು ವರ್ಷದಲ್ಲಿ ಲೋಕನಾಥ ತುಂಬಿದ ಫಾರಂಗಳ ಕೊನೆಯಲ್ಲಿ ಒಂದು ಕಾಲಂ ಇತ್ತು: ಕೆಲಸಗಾರನು ತನ್ನ ತಪ್ಪನ್ನು ಒಪ್ಪಿಕೊಂಡಿದ್ದಾನೆ. ಅದರ ಎದುರು ಹೌದು ಎಂದು ಎಷ್ಟು ಸಲ ಗುರುತು ಹಾಕಿದ್ದನೋ. ಸುರಕ್ಷಾ ಬೆಲ್ಟು ಹರಿದು ಅಟ್ಟಣಿಗೆಯಿಂದ ಬಿದ್ದ ಬೆಳ್ತಂಗಡಿ ಕಡೆಯ ಕೊರಗಪ್ಪ ನೆನಪಾದ. ಆ ಹಳೆಯ ಬೆಲ್ಟು ಕೊಟ್ಟದ್ದು ಫೋರ್‌ಮನ್ ಎಂದು ಎಲ್ಲರಿಗೂ ಗೊತ್ತಿತ್ತು. ಕೇಳಿದಾಗ ಕೊರಗಪ್ಪ ತಲೆ ತಗ್ಗಿಸಿ 'ಅಂದ್ ಸರ್' ಎಂದು ತುಳುವಿನಲ್ಲಿ ಒಪ್ಪಿಕೊಂಡ, ಆ ತಿಂಗಳೇ ಕೆಲಸ ಕಳೆದುಕೊಂಡು ಊರಿಗೆ ಹೊರಟ. ತಾನೇ ಒಪ್ಪಿಕೊಂಡ ಮೇಲೆ ನಾನೇನು ಮಾಡಲಿ ಎಂದು ಅವತ್ತು ಲೋಕನಾಥ ನೆಮ್ಮದಿಯಿಂದ ಊಟ ಮಾಡಿದ್ದ. ಅಂಥ ಒಪ್ಪಿಗೆಗೆ ಏನರ್ಥ ಎಂಬುದು ಅವನಿಗೆ ಈಗ ತಿಳಿಯಿತು.

ನಡೆದದ್ದನ್ನು ನಡೆದ ಹಾಗೆ ಬರೆದು ನಾಳೆ ಹತ್ತು ಗಂಟೆಗೆ ಮೊದಲು ಸಮಿತಿಗೆ ಕಳಿಸುತ್ತೇನೆ ಎಂದ. ಕೀನ್ಯಾಕ್ಕೂ ಕುವೈತಿಗೂ ಗಂಟೆ ಒಂದೇ. ಕ್ಯಾಲ್ವಿನ್ ಆಗಲಿ ಸರ್ ಎಂದನೇ ಹೊರತು ಉಪಕಾರವಾಯಿತು ಎನ್ನಲಿಲ್ಲ. ಅದು ಲೋಕನಾಥನಿಗೆ ಸರಿಯೆನಿಸಿತು.

ಅಡ್ಡ ಮಾತಿಲ್ಲದೆ ಬರೆದ. ದಾರಿ ಬಿಡಲು ಹೇಳಿದವನು ನಾನು. ಚಾಲಕ ಎರಡು ಸಲ ನಿರಾಕರಿಸಿದ. ಮೂರನೆಯ ಸಲ ನಾನು ಅವನ ಕೆಲಸಕ್ಕೆ ಕುತ್ತು ಬರಬಹುದು ಎಂಬ ಅರ್ಥ ಬರುವಂತೆ ಮಾತಾಡಿದೆ. ಮೊದಲು ಮೂರು ಮರಿಗಳಿದ್ದವು, ಆಮೇಲೆ ನಮಗೆ ಎರಡೇ ಕಂಡವು. ಮೂಲ ಕಾರಣ ಎಂಬಲ್ಲಿ ತನ್ನ ಪೂರ್ತಿ ಹೆಸರು ಬರೆದ. ಬೇರೆಯವರ ಹೆಸರು ಎಷ್ಟೋ ಸಲ ಬರೆದಿದ್ದ ಜಾಗದಲ್ಲಿ ತನ್ನ ಹೆಸರು ಅಪರಿಚಿತವಾಗಿ ಕಂಡಿತು. ಚಂಪಾ ಹಿಂದೆ ಬಂದು ನಿಂತು ಓದಿದಳು.

"ನನ್ನ ಸಹಿ ಸಹ ಉಂಟಲ್ಲ ಅದರಲ್ಲಿ," ಎಂದಳು. "ಅದನ್ನೂ ವಾಪಸ್ ತಗೊಂಡಿದ್ದೇನೆ ಅಂತ ಬರೀರಿ."

ಪರಪ್ಪನವರನ್ನು ಕೇಳಿದಾಗ ಅವರು ಕೈ ಮುಗಿದರು. ಮುಂದಿನ ತಿಂಗಳು ತಮ್ಮ ಇಕಾಮಾ ನವೀಕರಣ ಇದೆ, ದಯವಿಟ್ಟು ತಮ್ಮ ಹೆಸರು ತರಬೇಡಿ ಎಂದರು. ಅವರ ಮೇಲೆ ಸಿಟ್ಟು ಮಾಡುವ ಯೋಗ್ಯತೆ ಲೋಕನಾಥನಿಗೆ ಇರಲಿಲ್ಲ. ಆ ಹಾಳೆ ಬರೆದು ಅವರ ಮುಂದೆ ಇಟ್ಟವನು ಅವನೇ. ಗುರುವಾರ ಎಂಟೂವರೆಗೆ, ಸೈಟಿನ ಬೆಳಗಿನ ಸುರಕ್ಷಾ ಪಾಠ ಮುಗಿಸಿ, ಪತ್ರ ಕಳಿಸಿದ.

ಆಮೇಲಿನ ಒಂದು ವಾರ ಅವನು ಶಿಕ್ಷೆಗೆ ಕಾದ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎದ್ದು ಒಂಟಿಯಾಗಿ ಹೋಗಿ ಮಾತಾಡುತ್ತಿದ್ದ. ಇಕಾಮಾ ಹೋದರೆ ಮಗಳ ಹತ್ತನೆಯ ತರಗತಿ ಊರಿನಲ್ಲಿ ಎಲ್ಲಿ ಮಾಡಿಸುವುದು ಎಂದು ಚಂಪಾ ಜೊತೆ ಮಾತಾಡಿಯೂ ಆಗಿತ್ತು. ಹೆದರಿಕೆಯ ಒಳಗೆ ಸಣ್ಣದೊಂದು ಸಮಾಧಾನವೂ ಇತ್ತು. ತಾನೂ ಏನಾದರೂ ಕಳೆದುಕೊಂಡರೆ ಕ್ಯಾಲ್ವಿನ್‌ನ ಮುಖ ನೋಡಬಹುದು ಎಂದು ಅನಿಸುತ್ತಿತ್ತು.

ಮುಂದಿನ ಗುರುವಾರ ಮಧ್ಯಾಹ್ನ ಸಮಿತಿಯ ಪತ್ರ ಬಂತು. ಕ್ಯಾಲ್ವಿನ್‌ನ ಬ್ಯಾಡ್ಜ್ ರದ್ದಾಗಿಲ್ಲ. ನಿಯಮ ಮುರಿದದ್ದಕ್ಕೆ ಮತ್ತು ವಿಚಾರಣೆಯಲ್ಲಿ ನಿಜ ಮುಚ್ಚಿಟ್ಟದ್ದಕ್ಕೆ ಅಕ್ಟೋಬರ್ ಕೊನೆಯವರೆಗೆ ಅಮಾನತು. ಅಂದರೆ ವಿಲ್ಡೆಬೀಸ್ಟ್‌ಗಳು ನದಿ ದಾಟುವ ಕಾಲವೆಲ್ಲ, ಡ್ರೈವರುಗಳ ವರ್ಷದ ದುಡಿಮೆಯ ಕಾಲವೆಲ್ಲ, ಅವನು ಮನೆಯಲ್ಲಿ. ಕೊನೆಯಲ್ಲಿ ಲೋಕನಾಥನ ಪಾಲಿಗೆ ಒಂದು ವಾಕ್ಯವಿತ್ತು. ಅದನ್ನು ಅವನು ಮೂರು ಸಲ ಓದಿದ. ಮುಂದೆ ಇನ್ನೇನಾದರೂ ಇದೆಯೇ ಎಂದು ಪುಟ ಸರಿಸಿ ನೋಡಿದ. ಇರಲಿಲ್ಲ.

ಸಂಜೆ ಪರಪ್ಪನವರೇ ಫೋನ್ ಮಾಡಿದರು. ಪತ್ರ ಬಂದ ಸುದ್ದಿ ಚಂಪಾಳಿಂದ ಅನ್ನಪೂರ್ಣೆವ್ವನಿಗೆ ಮುಟ್ಟಿತ್ತು.

"ನಿಮಗೇನ್ ಮಾಡ್ಯಾರ್ರೀ ಸರ?"

"ನನಗೆ ಎಂತ ಸಹ ಇಲ್ಲ, ಪರಪ್ಪರೇ. ಪ್ರವಾಸಿಗರು ಇನ್ನು ಮುಂದೆ ಉದ್ಯಾನದ ನಿಯಮ ಪಾಲಿಸಬೇಕಾಗಿ ವಿನಂತಿ ಅಂತ ಒಂದು ಸಾಲು ಬರೆದಿದ್ದಾರೆ."

"ಅಷ್ಟ?"

"ಅಷ್ಟೇ."

ಪರಪ್ಪ ತೀರ ಸಣ್ಣ ದನಿಯಲ್ಲಿ ಕೇಳಿದರು.

"ಮತ್ತ ಅವತ್ತ ಅಲ್ಲೇ ಖರೇ ಹೇಳಿದ್ದರ?"

"ಅವತ್ತು ಹೇಳಿದ್ದರೂ ನಮಗೆ ಇಷ್ಟೇ ಇತ್ತು."

ಏನಂತ್ರೀ, ಏನಂತ ಎಂದು ಆ ಕಡೆ ಅನ್ನಪೂರ್ಣೆವ್ವ ಗಂಡನನ್ನು ಕೇಳುತ್ತಿದ್ದದ್ದು ಕೇಳಿಸಿತು. ಪರಪ್ಪ ಫೋನ್ ಇಡಲಿಲ್ಲ. ಲೋಕನಾಥನೂ ಇಡಲಿಲ್ಲ.